ನಾನು ಟೈಪ್ ಮಾಡದ ಒಂದು ಪದ

ಕಮಾಂಡಿನ ಕೊನೆಗೆ ಸೇರಿಸಬೇಕಿದ್ದ ಒಂದು ಪದವನ್ನು ನಾನು ಸೇರಿಸಲಿಲ್ಲ. ಅದರಿಂದ ನನ್ನ ಅಕ್ಕ ಕಳ್ಳಿ ಎನಿಸಿಕೊಂಡಳು.

ಮಾಲೂರಿನ ಒಂದು ಕಾರ್ಖಾನೆಯಲ್ಲಿ ಅಕ್ಕ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದಳು. ಹತ್ತನೇ ತರಗತಿ ದಾಟದ ನನ್ನನ್ನು ಅಲ್ಲಿನ ಕಂಪ್ಯೂಟರ್ ರೂಮಿಗೆ ಸೇರಿಸಿದವಳೂ ಅವಳೇ. ಕೆಲಸಗಾರರೆಲ್ಲರ ಹೆಸರು ಸರ್ವರ್‌ನಲ್ಲಿ ಗುಂಪುಗುಂಪಾಗಿ ಇರುತ್ತದೆ. ಯಾವ ಗುಂಪಿನಲ್ಲಿದ್ದೀರಿ ಎಂಬುದರ ಮೇಲೆ ಯಾವ ಫೈಲ್ ತೆರೆಯಬಹುದು ಎಂಬುದು ನಿಂತಿದೆ. ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆದು ಹೆಸರು ಸೇರಿಸುವುದು, ತೆಗೆಯುವುದು ನನ್ನ ಕೆಲಸ. ಆ ರೂಮಿನ ಸಾಹೇಬರು ಹೇಳಿಕೊಟ್ಟದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ನೋಡಿ ನೋಡಿ ಹೊಡೆಯುತ್ತಿದ್ದೆ. ಒಮ್ಮೆ ಹನ್ನೊಂದು ಜನ ಕಾಂಟ್ರಾಕ್ಟ್‌ನವರನ್ನು ಒಬ್ಬೊಬ್ಬರಾಗಿ ಸೇರಿಸಲು ಬೇಸರವಾಗಿ, ಅವರ ಗುಂಪನ್ನೇ ಇಡಿಯಾಗಿ ಸ್ಟೋರ್ಸ್ ಗುಂಪಿನೊಳಗೆ ಹಾಕಿದ್ದೆ.

ಸ್ಟೋರ್ಸ್ ಫೋಲ್ಡರಿನಲ್ಲಿದ್ದ ಹೊಸ ಅಚ್ಚಿನ, ಅಂದರೆ ಮೋಲ್ಡಿನ, ಡ್ರಾಯಿಂಗ್ ಹೊರಗಿನ ವರ್ಕ್‌ಶಾಪೊಂದರಲ್ಲಿ ಸಿಕ್ಕಿತು; ಯಾರೋ ಕದ್ದು ಕೊಟ್ಟಿದ್ದರು. ಆ ಗುಂಪಿನಲ್ಲಿ ಯಾರ್ಯಾರಿದ್ದಾರೆ ಎಂದು ಮ್ಯಾನೇಜರ್ ಪಟ್ಟಿ ಕೇಳಿದರು. ಕಮಾಂಡ್ ಹೊಡೆದೆ. ಎರಡೇ ಸಾಲು ಬಂತು: ಅಕ್ಕನ ಹೆಸರು, ಕಾಂಟ್ರಾಕ್ಟ್ ಗುಂಪಿನ ಹೆಸರು. ಕೊನೆಗೆ 'ಎಕ್ಸ್‌ಪ್ಯಾಂಡ್' ಎಂದು ಸೇರಿಸಿದರೆ ಒಳಗುಂಪಿನವರೂ ಕಾಣುತ್ತಾರೆ. ನೋಟ್‌ಬುಕ್ಕಿನಲ್ಲಿ ಅದಕ್ಕೆ ಅಡಿಗೆರೆ ಎಳೆದಿದ್ದೆ. ಆದರೂ ಸೇರಿಸಲಿಲ್ಲ. ನನಗೂ ಅವಳ ಮೇಲೆಯೇ ಅನುಮಾನವಿತ್ತು. ಆ ತಿಂಗಳು ನಾನು ಹತ್ತಿರ ಹೋದರೆ ಫೋನ್ ಇಟ್ಟುಬಿಡುತ್ತಿದ್ದಳು. ಒಂದು ಭಾನುವಾರ ಹೇಳದೆ ಮುಳಬಾಗಿಲಿಗೆ ಹೋಗಿ ಬಂದಿದ್ದಳು. ಯಾಕೆಂದು ಇವತ್ತಿಗೂ ಕೇಳಿಲ್ಲ. ಇನ್ನಷ್ಟು ಹೆಸರು ಬಂದರೆ ಅವುಗಳ ಮರೆಯಲ್ಲಿ ತಪ್ಪಿಸಿಕೊಳ್ಳುತ್ತಾಳೆ ಎನ್ನುವಷ್ಟು ಕೆಟ್ಟದಾಗಿ ಯೋಚಿಸಿದೆ.

ಮ್ಯಾನೇಜರ್ ಓದಿದ್ದು ಒಂದೇ ಹೆಸರು; ಎರಡನೇ ಸಾಲಿನೊಳಗೂ ಜನರಿದ್ದಾರೆಂದು ಅವರಿಗೆ ತಿಳಿಯಲಿಲ್ಲ. ಅಕ್ಕನನ್ನು ಪ್ಯಾಕಿಂಗಿಗೆ ಹಾಕಿದರು. ಕಂಪನಿ ಬಸ್ಸಿನಲ್ಲಿ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಲಕ್ಕೂರಿನ ಹೆಂಗಸೊಬ್ಬಳು ಅವಳಿಗೆ ಕೇಳುವಂತೆ ಗೆಳತಿಗೆ, "ಬ್ಯಾಗ್ ಹುಷಾರು ಕಣೇ" ಎಂದು ನಗುತ್ತಿದ್ದಳು. ನಾನು ಹಿಂದಿನ ಸೀಟಿನಲ್ಲಿ ಕಿಟಕಿಯಾಚೆ ನೋಡುತ್ತಿದ್ದೆ.

ಎರಡು ತಿಂಗಳಾದ ಮೇಲೆ, ಕೆಲಸ ಬಿಟ್ಟವನೊಬ್ಬನ ಹೆಸರು ತೆಗೆಯಲು ಪೂರ್ತಿ ಪಟ್ಟಿ ಬೇಕಾಯಿತು. ಆ ಪದ ಹೊಡೆದೆ. ಹನ್ನೆರಡು ಹೆಸರು ಇಳಿದು ಬಂದವು. ಡ್ರಾಯಿಂಗ್ ಒಯ್ದವರು ಯಾರೆಂದು ಪಟ್ಟಿ ಹೇಳಲಿಲ್ಲ. ಅಕ್ಕ ಒಬ್ಬಳೇ ಅಲ್ಲ ಎಂದಷ್ಟೇ ಹೇಳಿತು. ಪ್ರಿಂಟ್ ತೆಗೆದು ಮ್ಯಾನೇಜರ್ ಮುಂದಿಟ್ಟೆ.

"ಇದನ್ನ ಅವತ್ತೇ ಕೊಡಕ್ಕೆ ಏನಾಗಿತ್ತಯ್ಯಾ ನಿಂಗೆ?" ಎಂದರು.

ಸಂಜೆ ಬಸ್ಸಿನಲ್ಲಿ ಅಕ್ಕನ ಪಕ್ಕ ಕೂತೆ.

"ಏಮ್ರಾ, ಇವತ್ತು ಇಲ್ಲಿ ಜಾಗ ಕಾಣಿಸ್ತಾ?" ಎಂದು ತೆಲುಗು ಬೆರೆಸಿ ಕೇಳಿದಳು, ಮುಖ ತಿರುಗಿಸದೆ.

ಎದ್ದು ನಿಂತೆ. ಲಕ್ಕೂರಿನವಳಿಗೂ ಕೇಳಲಿ ಎಂದು ಜೋರಾಗಿಯೇ ಹೇಳಿದೆ.

"ಅಕ್ಕಾ, ಅರ್ಧ ಪಟ್ಟಿ ಕೊಟ್ಟಿದ್ದು ನಾನು. ನಾನೂ ನಿನ್ನ ಮೇಲೇ ಅನುಮಾನಪಟ್ಟೆ. ತಪ್ಪಾಯ್ತಕ್ಕಾ, ಕ್ಷಮಿಸು."