ಕುಂಕುಮ ಹಚ್ಚಿದ ಜಿಪಿಎಸ್ ಡಬ್ಬಿ

ಇವತ್ತು ಗ್ಯಾರೇಜಿನಲ್ಲಿ ಹಳೆಯ ಜಿಪಿಎಸ್ ಡಬ್ಬಿ ಸಿಕ್ಕಿತು. ನನ್ನ ಮುಖ ಬಿಸಿಯಾಯಿತು.

ಆಗ ಅಮೆರಿಕದ ಪ್ಲೇನೋ ಊರಿನಲ್ಲಿ ಅಪ್ಪ, ಕಾರಿಗೆ ದಾರಿ ತೋರಿಸುವ ಆ ಯಂತ್ರ ಮಾಡುವ ಕಂಪನಿಯಲ್ಲಿದ್ದರು. ಯಾರ ಗೃಹಪ್ರವೇಶಕ್ಕೂ ಅದೇ ಉಡುಗೊರೆ. ಅಮ್ಮ ಡಬ್ಬಿಯ ಮೂಲೆಗೆ ಕುಂಕುಮ ಹಚ್ಚಿ ಕೊಡುತ್ತಿದ್ದಳು. "ಇನ್ಮೇಲೆ ಎಲ್ಲಾ ಫೋನಲ್ಲೇ ಫ್ರೀಯಾಗಿ ಬರುತ್ತಂತೆ" ಎಂದು ಅಂಕಲ್‌ಗಳು ಅಂದರೆ, "ಬರೀ ಗಾಳಿಸುದ್ದಿ ಕಣ್ರೀ" ಎಂದು ಅಪ್ಪ ನಗುತ್ತಿದ್ದರು.

ನಮ್ಮದೇ ಗೃಹಪ್ರವೇಶದ ದಿನ ಒಬ್ಬ ಆಂಟಿ ತಂದ ಉಡುಗೊರೆಯನ್ನು ಎಲ್ಲರೆದುರು ಆತುರದಿಂದ ಬಿಚ್ಚಿದೆ. ಅದೇ ಡಬ್ಬಿ. ಸೀಲು ಒಡೆದಿರಲಿಲ್ಲ, ಮೂಲೆಯಲ್ಲಿ ಅಮ್ಮನ ಕುಂಕುಮ ಹಾಗೇ ಇತ್ತು. ಆಂಟಿ ತಲೆ ತಗ್ಗಿಸಿದರು. ಅಪ್ಪ ಮಾತ್ರ, "ಒಳ್ಳೇದಾಯ್ತು, ನಮ್ಮನೇಲೇ ಒಂದೂ ಇರ್ಲಿಲ್ಲ" ಅಂದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಈಗಲೂ ಅಪ್ಪ ಪಕ್ಕದಲ್ಲಿ ಕೂತಿದ್ದರೆ ಫೋನಿನಲ್ಲಿ ಮ್ಯಾಪ್ ಹಾಕುವುದಿಲ್ಲ. ಗೊತ್ತಿರುವ ದಾರಿಯನ್ನೂ ಅವರನ್ನೇ ಕೇಳುತ್ತೇನೆ.