ನೇಣುಗಂಬದ ಮಾತಿಗೆ ಹಳದಿ ಬಳಿದದ್ದು

ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಈ ಪ್ರಸಂಗವನ್ನು ಹೇಳುವ ಕ್ರಮವೇ ಬೇರೆ. ಕೈದಿಯೊಬ್ಬ ಪೆರೋಲ್ ಬೋರ್ಡಿನ ಮುಂದೆ, ಬೇರೆಯವರು ಬರೆದುಕೊಟ್ಟ ಪಶ್ಚಾತ್ತಾಪವನ್ನು ಗಿಳಿಪಾಠ ಒಪ್ಪಿಸಲಿಲ್ಲ, ತನ್ನ ಸ್ವಂತ ಮಾತಾಡಿದ, ಅದಕ್ಕೇ ಬಿಡುಗಡೆ ಕಳೆದುಕೊಂಡ. ಕೇಳಿದವರು ತಲೆದೂಗುತ್ತಾರೆ. ಹಿರಿಯ ಪ್ರೊಫೆಸರ್ ಒಬ್ಬರು ತಮ್ಮ ಭಾಷಣವನ್ನೇ ಇದರಿಂದ ಮುಗಿಸಿ ಚಪ್ಪಾಳೆ ಗಿಟ್ಟಿಸಿದರು. ಈ ಕಥೆಯನ್ನು ಹೀಗೆ ಮೊದಲು ಹೇಳಿದವಳು ನಾನೇ. ಈಗ ಇದರ ವಿರೋಧ ಮಾತಾಡಲು ನಿಂತವಳೂ ನಾನೇ.

2022ರ ಸೆಪ್ಟೆಂಬರ್. ನಾನು ಕ್ಯಾಲಿಫೋರ್ನಿಯಾದ ಲಾ ಹೋಯಾದ ಯೂನಿವರ್ಸಿಟಿಯಲ್ಲಿ ಇತಿಹಾಸದ ಪಿಎಚ್‌ಡಿ ನಾಲ್ಕನೇ ವರ್ಷದಲ್ಲಿದ್ದೆ. ಸ್ಯಾನ್ ಡಿಯೇಗೋ ಹತ್ತಿರದ ಜೈಲೊಂದರಲ್ಲಿ ಕಾಲೇಜ್ ಕೋರ್ಸ್ ಕಲಿಸುವ ಕೆಲಸ ಸಿಕ್ಕಿತು. ಹತ್ತು ಶನಿವಾರ, ಹದಿನಾಲ್ಕು ವಿದ್ಯಾರ್ಥಿಗಳು. ವಿಷಯ ನನ್ನ ಥೀಸಿಸ್‌ನದೇ: ಅಮೆರಿಕ ಬ್ರಿಟಿಷರ ವಸಾಹತಾಗಿದ್ದ ಕಾಲದಲ್ಲಿ ಕನ್ನಗಳ್ಳರನ್ನು ಗಲ್ಲಿಗೇರಿಸುವಾಗ ನಡೆಯುತ್ತಿದ್ದ ಪ್ರವಚನ, ಕಳ್ಳನ ಕೊನೆಮಾತು.

ಕ್ರಮ ಹೀಗಿತ್ತು. ಶಿಕ್ಷೆಯಾದವನನ್ನು ಚರ್ಚಿಗೆ ಕರೆತಂದು ಎಲ್ಲರ ಕಣ್ಣಿಗೆ ಬೀಳುವಂತೆ ಕೂರಿಸಿ, ಅವನ ಪಾಪದ ಬಗ್ಗೆ ಅವನೆದುರೇ ಪಾದ್ರಿ ಪ್ರವಚನ ಮಾಡುತ್ತಿದ್ದರು. ಆಮೇಲೆ ನೇಣುಗಂಬದ ಕೆಳಗೆ ಅವನ ಕೊನೆಮಾತು. ಎರಡನ್ನೂ ಅಚ್ಚು ಹಾಕಿ ಪಾಂಪ್ಲೆಟ್ ಮಾಡಿ ಮಾರುತ್ತಿದ್ದರು. ಲಾಸ್ ಏಂಜಲೀಸ್‌ನ ಲೈಬ್ರರಿಯೊಂದರಲ್ಲಿ ಎರಡು ಬೇಸಿಗೆ ಕೂತು ಇವನ್ನು ಓದಿದ್ದೆ. ಯಾವುದನ್ನೇ ತೆಗೆದರೂ ಪಾಪದ ಮೆಟ್ಟಿಲುಗಳ ಅದೇ ಏಣಿ. ಅಪ್ಪ ಅಮ್ಮನ ಮಾತು ಮೀರಿದೆ, ಭಾನುವಾರದ ಪ್ರಾರ್ಥನೆ ತಪ್ಪಿಸಿದೆ, ಕುಡಿದೆ, ಕೆಟ್ಟವರ ಸಂಗ ಮಾಡಿದೆ, ಕದ್ದೆ. ಕೊನೆಗೆ ಒಂದು ಬೇಡಿಕೆ: ನನ್ನ ಸಾವನ್ನು ಎತ್ತಿ ಆಡಿ ನನ್ನ ಮನೆಯವರನ್ನು ಹಂಗಿಸಬೇಡಿ. ನನ್ನ ವಾದ ಸರಳ. ಇಷ್ಟು ಜನ ಒಂದೇ ಥರ ಸಾಯಲು ಸಾಧ್ಯವಿಲ್ಲ. ಬರೆದವರು ಪಾದ್ರಿಗಳು, ಕಳ್ಳನದು ಬರೀ ಕೊರಳು.

ಕ್ಲಾಸಿನಲ್ಲಿ ನಾಲ್ಕು ಕೊನೆಮಾತುಗಳ ಜೆರಾಕ್ಸ್ ಹಂಚಿ ಹೈಲೈಟರ್ ಕೊಟ್ಟೆ. ಎಲ್ಲದರಲ್ಲೂ ಬರುವ ಮಾತಿಗೆ ಹಳದಿ ಬಳಿಯಿರಿ, ಉಳಿದದ್ದಷ್ಟೇ ಅವನ ಸ್ವಂತದ್ದು ಎಂದೆ. ಹತ್ತು ನಿಮಿಷದಲ್ಲಿ ಹಾಳೆಗಳೆಲ್ಲ ಹಳದಿ.

ಕೆಲವು ವಸಾಹತುಗಳಲ್ಲಿ ಮೂರನೇ ಸಲ ಕನ್ನ ಹಾಕಿ ಸಿಕ್ಕಿಬಿದ್ದರೆ ಗಲ್ಲು ಎಂದಾಗ ಹಿಂದಿನ ಸಾಲಿನಿಂದ ಒಬ್ಬ, "ನೋಡಿದ್ರಾ, ಕ್ಯಾಲಿಫೋರ್ನಿಯಾ ಹೊಸದೇನೂ ಕಂಡುಹಿಡಿದಿಲ್ಲ" ಎಂದ. ಎಲ್ಲರೂ ನಕ್ಕರು. ಅವನೇ ಮಾರ್ಕಸ್. ಐವತ್ತೆರಡು ವರ್ಷ. ಮೂರನೇ ಅಪರಾಧಕ್ಕೆ ಜೀವಾವಧಿ ಎಂಬ ಅಲ್ಲಿನ ಕಾನೂನಿನಂತೆ, ಮೂರನೇ ಸಲ ಮನೆಗೆ ಕನ್ನ ಹಾಕಿ ಸಿಕ್ಕಿದ್ದಕ್ಕೆ ಕನಿಷ್ಠ ಇಪ್ಪತ್ತೈದು ವರ್ಷ, ಪೆರೋಲ್ ಬೋರ್ಡು ಬಿಡದಿದ್ದರೆ ಜೀವಾವಧಿ. ಮುಂದಿನ ಏಪ್ರಿಲ್‌ನಲ್ಲಿ ಅವನ ಪೆರೋಲ್ ವಿಚಾರಣೆಯಿತ್ತು. ಲಾಂಗ್ ಬೀಚ್‌ನಲ್ಲಿ ಎಂಬತ್ತೊಂದರ ತಾಯಿ ಆಕ್ಸಿಜನ್ ಮೇಲಿದ್ದಳು. ಅವಳು ಇರುವಾಗಲೇ ಮನೆ ಸೇರಬೇಕು, ಅಷ್ಟೇ ಅವನ ಆಸೆ.

ಮನೆಯವರನ್ನು ಹಂಗಿಸಬೇಡಿ ಎಂಬ ಸಾಲಿಗೆ ಮಾತ್ರ ಅವನು ಹಳದಿ ಬಳಿದಿರಲಿಲ್ಲ.

"ಇದೂ ನಾಲ್ಕರಲ್ಲೂ ಇದೆಯಲ್ಲ?" ಎಂದೆ.

"ನಾಲ್ಕೂ ಜನಕ್ಕೆ ಅಮ್ಮ ಇದ್ರು, ಪ್ರೊಫೆಸರ್."

"ಅದು ಸಾಕ್ಷಿ ಅಲ್ಲ, ಮಾರ್ಕಸ್" ಎಂದು ಅವನ ಕೈಯಿಂದ ಹೈಲೈಟರ್ ತೆಗೆದುಕೊಂಡು ನಾನೇ ಬಳಿದೆ. ಬೆಂಗಳೂರಿನ ಇಂಟರ್‌ಕಾಲೇಜ್ ಡಿಬೇಟುಗಳಲ್ಲಿ ಬೆಳೆದವಳು ನಾನು. ವಿರೋಧ ಪಕ್ಷ ಕೊಟ್ಟರೆ ರೋಲಿಂಗ್ ಶೀಲ್ಡ್ ನಮ್ಮದೇ ಎಂದು ಮೇಷ್ಟ್ರು ಬೀಗುತ್ತಿದ್ದರು. ಎದುರಾಳಿಯ ಮಾತು ಮುಗಿಯುವ ಮೊದಲೇ ಉತ್ತರ ಬರೆದುಕೊಳ್ಳುವುದು ನಮ್ಮ ತಾಲೀಮು. ಕೇಳಿಸಿಕೊಳ್ಳುವುದಕ್ಕೆ ಅಲ್ಲಿ ಮಾರ್ಕ್ಸ್ ಇರಲಿಲ್ಲ.

ಕೋರ್ಸಿನ ಏಳನೇ ವಾರ ಮಾರ್ಕಸ್ ಎರಡು ಪುಟ ತಂದುಕೊಟ್ಟ. ವಿಚಾರಣೆಯಲ್ಲಿ ಓದಲು ಸಿದ್ಧಪಡಿಸಿದ ಹೇಳಿಕೆ. ಅದನ್ನು ಬರೆಯಲು ನೆರವಾದವರು ಹಿರೇಮಠ ಅಂಕಲ್. ಬಾಗಲಕೋಟೆ ಕಡೆಯವರು, ಲಾಂಗ್ ಬೀಚ್ ಬಂದರಿನಲ್ಲಿ ಎಂಜಿನಿಯರ್ ಆಗಿ ರಿಟೈರ್ ಆದವರು. ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ಎರಡು ತಾಸು ಡ್ರೈವ್ ಮಾಡಿಕೊಂಡು ಬಂದು ಕೈದಿಗಳನ್ನು ವಿಚಾರಣೆಗೆ ತಯಾರು ಮಾಡುತ್ತಿದ್ದರು. ಬೋರ್ಡು ಹುಡುಕುವುದು ‘ಇನ್‌ಸೈಟ್’ ಅನ್ನು, ಅಂದರೆ ತಾನು ಯಾಕೆ ತಪ್ಪು ಮಾಡಿದೆ ಎಂಬ ತಿಳಿವಳಿಕೆಯನ್ನು. ಅದು ಕಾಣದಿದ್ದರೆ ಬಾಗಿಲು ಮುಚ್ಚಿತು.

ಮಾರ್ಕಸ್‌ನ ಹಾಳೆಯಲ್ಲಿ ಅದೇ ಏಣಿ: ಅಮ್ಮನ ಮಾತು ಕೇಳಲಿಲ್ಲ, ಕುಡಿತ, ಕೆಟ್ಟ ಸಂಗ, ಕಳವು. ಅವನೇ ಎಲ್ಲಕ್ಕೂ ಹಳದಿ ಬಳಿದು ತಂದಿದ್ದ.

"ಇದರಲ್ಲಿ ನಾನೆಲ್ಲಿದೀನಿ, ಪ್ರೊಫೆಸರ್?"

ವಿದ್ಯಾರ್ಥಿ ಅಂದರೆ ಹೀಗಿರಬೇಕು! "ಎಲ್ಲೂ ಇಲ್ಲ" ಎಂದೆ. "ಇದನ್ನು ಓದಬೇಡ. ನಿನ್ನ ಮಾತು ಹೇಳು." ಉಳಿದ ಮೂರು ವಾರ ಕ್ಲಾಸ್ ಮುಗಿದ ಮೇಲೆ ಹತ್ತು ಹತ್ತು ನಿಮಿಷ ಅವನಿಗೆ ಪಾಠ: ಪ್ರಶ್ನೆಯನ್ನೇ ಪ್ರಶ್ನಿಸುವುದು ಹೇಗೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ಹೇಗೆ.

ಎಂಟನೇ ವಾರದ ಶನಿವಾರ ಗೇಟಿನ ಕ್ಯೂನಲ್ಲಿ ಹಿರೇಮಠ ಅಂಕಲ್ ಸಿಕ್ಕರು.

"ಏನ್ ತಂಗಿ, ನಮ್ಮ ಮಾರ್ಕಸ್‌ನ ತಲಿ ಕೆಡಿಸಾಕ್ಹತ್ತಿಯಂತ?"

"ಅಂಕಲ್, ನೀವು ಬರೆಸಿರೋದು ನಿಮ್ಮ ಪ್ರವಚನ. ಹೆಸರಲ್ಲೇ ಮಠ ಇಟ್ಕೊಂಡಿದೀರಿ, ನಿಮ್ಮನ್ನ ಏನನ್ನೋದು!"

ಅವರು ಹೊಟ್ಟೆ ಕುಲುಕಿಸಿ ನಕ್ಕರು. "ಅನ್ನವ್ವಾ, ಅನ್ನು. ಆದ್ರ ಒಂದ್ ಮಾತು ಕೇಳು. ಕಂಪನಿ ನಾಟಕದಾಗ ರಾಜಾನ ಪಾರ್ಟ್ ಸಿಕ್ಕಾಂವ ರಾಜಾನ ಮಾತ ಆಡಬೇಕು. ಸ್ಟೇಜ್ ಮ್ಯಾಲ ನಿಂತು, ಇದನ್ನ ಬರದಾಂವ ನಾ ಅಲ್ಲ, ಮಾಸ್ತರ ಅಂದ್ರ ಮಂದಿ ಚಪ್ಪಲಿ ಒಗೀತಾರ."

"ಅಂದ್ರೆ ಸುಳ್ಳು ಹೇಳಲಿ ಅಂತೀರಾ?"

"ಸುಳ್ಳಂತ ಯಾರಂದ್ರು? ಅಳೂ ಸೀನಿನ್ಯಾಗ ಖರೇನ ಅಳಾವ್ರೂ ಇರ್ತಾರ." ಕ್ಯೂ ಮುಂದೆ ಸರಿಯಿತು. ಅವರ ನಗು ನಿಂತಿತ್ತು. "ನಿನಗ ವಾದಾ ಗೆಲ್ಲೂದು ಬೇಕಾಗೇತಿ. ಅವಗ ಮನಿಗಿ ಹೋಗೂದು ಬೇಕಾಗೇತಿ."

ನನ್ನ ಹತ್ತಿರ ಅದಕ್ಕೂ ಉತ್ತರವಿತ್ತು. ಕೊಟ್ಟೆ ಕೂಡ. ಏನೆಂದು ಈಗ ನೆನಪಿಲ್ಲ.

2023ರ ಏಪ್ರಿಲ್‌ನಲ್ಲಿ ವಿಚಾರಣೆ ವಿಡಿಯೋದಲ್ಲಿ ನಡೆಯಿತು. ನಾನಿರಲಿಲ್ಲ. ಆಮೇಲೆ ಟ್ರಾನ್ಸ್‌ಕ್ರಿಪ್ಟ್ ತರಿಸಿಕೊಂಡೆ. ಮೂರು ಮನೆಗೆ ಕನ್ನ ಹಾಕಿದ್ದು ಯಾಕೆ ಎಂದು ಬೋರ್ಡಿನ ಕಮಿಷನರ್ ಕೇಳಿದ್ದಾರೆ. ಮಾರ್ಕಸ್ ಹೇಳಿದ್ದು: ಕುಡಿತ, ಸಹವಾಸ ಅಂತ ಎಲ್ಲರೂ ಹೇಳುತ್ತಾರೆ, ಎಲ್ಲರೂ ಹೇಳುವುದು ನನ್ನದಲ್ಲ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ನನಗೆ ಗೊತ್ತಿಲ್ಲ. ವಕೀಲರು ನಡುವೆ ಬಾಯಿ ಹಾಕಿ, ಲಿಖಿತ ಹೇಳಿಕೆ ಓದುತ್ತೀಯಾ ಎಂದು ಕೇಳಿದ್ದಾರೆ. ಬೇಡ ಎಂದಿದ್ದಾನೆ. ಡಿಬೇಟಿನಲ್ಲಿ ಮಾತು ನಿಲ್ಲಿಸಬೇಕಾದ ಎರಡನೇ ಗಂಟೆ ಬಾರಿಸುವ ಮುಂಚೆ ಎಚ್ಚರಿಕೆಯ ಗಂಟೆ ಒಂದಿರುತ್ತದೆ. ಇಲ್ಲಿ ವಕೀಲರ ಆ ಪ್ರಶ್ನೆಯೇ ಮೊದಲ ಗಂಟೆಯಾಗಿತ್ತು. ಅದಕ್ಕೆ ಕಿವಿಗೊಡದಂತೆ ಅವನಿಗೆ ಕಲಿಸಿದ್ದವಳು ನಾನು. ತೀರ್ಪು ಹತ್ತು ಸಾಲು: ಇನ್‌ಸೈಟ್ ಇಲ್ಲ. ಮುಂದಿನ ವಿಚಾರಣೆ ಮೂರು ವರ್ಷದ ನಂತರ.

ಅಂಕಲ್‌ಗೆ ಫೋನ್ ಮಾಡಿದೆ. ಬಯ್ಯಲಿಲ್ಲ. ಬೈದಿದ್ದರೆ ವಾದಿಸಬಹುದಿತ್ತು. "ತಾಯಿಗಿ ನಾ ಹೋಗಿ ಹೇಳ್ತೀನಿ. ನೀ ಬರಬ್ಯಾಡ" ಎಂದರು, ಅಷ್ಟೇ.

ಮುಂದಿನ ಜನವರಿಯಲ್ಲಿ ಆ ತಾಯಿ ತೀರಿಕೊಂಡಳು. ಅಂತ್ಯಕ್ರಿಯೆಗೆ ಮಗನನ್ನು ಬಿಡಲಿಲ್ಲ. ಆ ವಾರ ಥೀಸಿಸ್ ಫೈಲ್ ಹುಡುಕುವಾಗ ಮಾರ್ಕಸ್‌ನ ಆ ಎರಡು ಹಾಳೆ ಕೈಗೆ ಬಂದವು. ನಾನು ಕೊನೆಯವರೆಗೆ ಓದಿಯೇ ಇರಲಿಲ್ಲ. ಹಳದಿ ಕಂಡ ಕೂಡಲೇ ತೀರ್ಮಾನಿಸಿಬಿಟ್ಟಿದ್ದೆ. ಎರಡನೇ ಪುಟದ ಕೆಳಗೆ, ಮಾರ್ಕಸ್ ತನ್ನದೇ ವಕ್ರ ಅಕ್ಷರಗಳಲ್ಲಿ ಸೇರಿಸಿದ್ದ, ಅಂಕಲ್ ಬರೆಸಿರಲಾರದ ಒಂದು ಸಾಲು: ನನ್ನಿಂದಾಗಿ ಅಮ್ಮ ಚರ್ಚಿನಲ್ಲಿ ಹಿಂದಿನ ಬೆಂಚಿಗೆ ಹೋದಳು, ಒಂದು ಭಾನುವಾರ ಅವಳನ್ನು ಕರೆದುಕೊಂಡು ಹೋಗಿ ಮುಂದೆ ಕೂರಿಸಬೇಕು. ನಾನು ಓದಿದ ಯಾವ ಪಾಂಪ್ಲೆಟ್ಟಿನಲ್ಲೂ ಆ ಬೆಂಚು ಇಲ್ಲ. ಅದಕ್ಕೂ ಹಳದಿ ಬಳಿದಿತ್ತು.

ಥೀಸಿಸ್‌ನಲ್ಲಿ ಆ ಅಧ್ಯಾಯವನ್ನು ಮತ್ತೆ ಬರೆದೆ. ಎಲ್ಲರೂ ಆಡುವ ಮಾತಿನೊಳಗೇ ಮನುಷ್ಯ ತನ್ನದೊಂದನ್ನು ಬಚ್ಚಿಟ್ಟು ಸಾಗಿಸಬಹುದು, ಬೇರೆ ದಾರಿ ಅವನಿಗೆ ಇಲ್ಲದಿರಬಹುದು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ನೇಣುಗಂಬದ ಪಕ್ಕದ ಪಾದ್ರಿಯನ್ನು ಗುರುತಿಸಲು ಎರಡು ಬೇಸಿಗೆ ಓದಿದ್ದೆ, ನಾನು ನಿಂತ ಜಾಗ ಯಾವುದೆಂದು ನೋಡಿಕೊಂಡಿರಲಿಲ್ಲ.

ಮಾರ್ಕಸ್‌ಗೆ ಕಾಗದ ಬರೆದೆ. ಕ್ಷಮೆ ಕೇಳಲು ಕೂತು ಮೂರು ಸಲ ಹರಿದುಹಾಕಿದೆ, ಪ್ರತಿ ಸಲವೂ ಅದು ಆ ಪಾಂಪ್ಲೆಟ್ಟುಗಳ ಹಾಗೇ ಬರುತ್ತಿತ್ತು. ಕಡೆಗೆ ಒಂದೇ ಪ್ರಶ್ನೆ ಬರೆದು ಕಳಿಸಿದೆ. ಉತ್ತರ ಇನ್ನೂ ಬಂದಿಲ್ಲ.

ಮಾರ್ಕಸ್, ಆ ಕೊನೆಯ ಸಾಲಿಗೆ ನೀನು ಹಳದಿ ಬಳಿದದ್ದು ಅದು ನಿನ್ನದಲ್ಲ ಅನ್ನಿಸಿಯೋ, ನಾನು ಮೆಚ್ಚಲಿ ಅಂತಲೋ?