ಮನೆ ಉಂಟು ಎಂದವರು

ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೂವತ್ತು ವರ್ಷ ವಾರ್ಡನ್ ಆಗಿದ್ದವಳು ನಾನು. ಬೆಳಿಗ್ಗೆ ಐದಕ್ಕೆ ಗಂಟೆ, ಐದೂವರೆಗೆ ಪ್ರಾರ್ಥನೆ, ಏಳೂವರೆಗೆ ತಿಂಡಿ, ರಾತ್ರಿ ಒಂಬತ್ತಕ್ಕೆ ದೀಪ ಆರಿಸುವುದು. ನಿವೃತ್ತಿಯಾಗಿ ಕಾಪುವಿನ ಮನೆಗೆ ಬಂದ ಮೇಲೂ ಐದಕ್ಕೇ ಎಚ್ಚರವಾಗುತ್ತಿತ್ತು. ಎದ್ದ ಮೇಲೆ ಮಾಡಲು ಕೆಲಸ ಮಾತ್ರ ಇರುತ್ತಿರಲಿಲ್ಲ. ಹಾಗಾಗಿ, ಉಡುಪಿಯಲ್ಲಿ ಮನೆಯಿಲ್ಲದವರಿಗೆ ತಾತ್ಕಾಲಿಕ ಆಶ್ರಯ ಕೊಡುವ ಕೇಂದ್ರವೊಂದರಲ್ಲಿ ಹೆಂಗಸರ ವಿಭಾಗ ನೋಡಿಕೊಳ್ಳಲು ಜನ ಬೇಕು ಎಂದು ಪರಿಚಿತರೊಬ್ಬರು ಹೇಳಿದಾಗ ಮರುದಿನವೇ ಬಸ್ಸು ಹತ್ತಿದೆ. ಸಂಬಳವಿಲ್ಲ. ಒಂದು ಮೇಜು, ಒಂದು ರಿಜಿಸ್ಟರು, ಹನ್ನೆರಡು ಮಂಚ.

ಮೊದಲ ತಿಂಗಳು ಅಲ್ಲಿನ ಅವ್ಯವಸ್ಥೆ ನೋಡಿ ನನಗೆ ನಿದ್ದೆ ಬರಲಿಲ್ಲ. ಸೊಸೆಯ ಜೊತೆ ಜಗಳವಾಡಿಕೊಂಡು ಬಂದವರು ಎರಡು ದಿನ ಮಲಗಿ ಹೋಗುತ್ತಿದ್ದರು. ಊರಿನ ಬಸ್ಸು ತಪ್ಪಿದವರೂ ಬರುತ್ತಿದ್ದರು. ಒಂದು ದಿನ ಹಾಲುಕುಡಿಯುವ ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳು ಬಂದಾಗ ಒಂದು ಮಂಚವೂ ಖಾಲಿ ಇರಲಿಲ್ಲ. ಅವಳನ್ನು ಬೇರೆಡೆಗೆ ಕಳುಹಿಸಬೇಕಾಯಿತು. ಅಂದು ಸಂಜೆಯೇ ಕುಳಿತು ಹೊಸ ನಮೂನೆ ಬರೆದೆ. ಮೊದಲ ಪ್ರಶ್ನೆ: ಮನೆ ಉಂಟಾ? ಉಂಟು ಎಂದರೆ ಮುಂದಿನ ಪ್ರಶ್ನೆಗಳು ಬೇಡ. ಊರು ಕೇಳಿ, ಟಿಕೇಟು ತೆಗೆದುಕೊಟ್ಟು ಬಸ್ಸು ಹತ್ತಿಸುವುದು. ಇಲ್ಲ ಎಂದರೆ ಮಾತ್ರ ಎರಡನೇ ಪ್ರಶ್ನೆ. ಕೇಂದ್ರ ನಡೆಸುವವರು ಅದನ್ನು ಮೆಚ್ಚಿಕೊಂಡು ಹೆಚ್ಚು ಪ್ರತಿಗಳನ್ನು ಮಾಡಿಸಿಟ್ಟರು. ಮೇಜಿನ ಮುಂದೆ ಮಾತು ಕನ್ನಡದಲ್ಲೇ ಆಗಬೇಕು ಎಂಬುದೂ ನನ್ನದೇ ನಿಯಮ. ತುಳುವಿಗೆ ಇಳಿದರೆ ಮಾತು ಅಜ್ಜಿಯ ಊರು, ಅತ್ತೆಯ ನೆಂಟಸ್ತಿಕೆ ಎಂದು ಹರಿದು, ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಯುತ್ತದೆ ಎಂಬುದು ಹಾಸ್ಟೆಲಿನಲ್ಲಿ ಕಂಡುಕೊಂಡ ಸತ್ಯ.

ಅಡುಗೆ ಮಾಡುತ್ತಿದ್ದವರು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸು. ಎಲ್ಲರೂ ಅವರನ್ನು ಬಾಯಿ ಎಂದೇ ಕರೆಯುತ್ತಿದ್ದರು. ನನ್ನ ನಮೂನೆ ನೋಡಿ ಅವರು, "ಒಳ್ಳೆದುಂಟು ಮೇಡಂ. ಇನ್ನು ಮಂಚಗಳಿಗೆ ನಿದ್ದೆ ಮಾಡ್ಲಿಕ್ಕೆ ಪುರುಸೊತ್ತು ಸಿಗ್ತದೆ," ಎಂದರು. ಅದು ಹೊಗಳಿಕೆಯಲ್ಲ ಎಂದು ನನಗೆ ಗೊತ್ತಾಗಿತ್ತು. ಗೊತ್ತಾಗದವಳಂತೆ ಇದ್ದೆ.

ನಾನು ಈಗ ಹೇಳಹೊರಟಿರುವವರು ಬಂದದ್ದು ಮಳೆಗಾಲದ ಒಂದು ಮಧ್ಯಾಹ್ನ, ಊಟದ ಪಾತ್ರೆಗಳನ್ನು ತೊಳೆಯುವ ಹೊತ್ತಿಗೆ. ಅರುವತ್ತರ ಆಸುಪಾಸಿನ ಹೆಂಗಸು. ಮಣಿಪಾಲದಲ್ಲಿ ಆಸ್ಪತ್ರೆಯಿಂದ ಅಂದೇ ಬಿಡುಗಡೆಯಾಗಿ, ಯಾರೋ ಕೇಂದ್ರದ ದಾರಿ ಹೇಳಿದ್ದರಿಂದ ರಿಕ್ಷಾದಲ್ಲಿ ಬಂದಿದ್ದರು. ಎಡಗಾಲಿಗೆ ಪಾದ ಪೂರ್ತಿ ಬ್ಯಾಂಡೇಜು. ಸಕ್ಕರೆ ಕಾಯಿಲೆಯ ಗಾಯ. ಕೈಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ. ಅದರಲ್ಲಿ ಎರಡು ಸೀರೆ, ಆಸ್ಪತ್ರೆಯ ಫೈಲು. ಕೂದಲು ನೀಟಾಗಿ ಬಾಚಿದ್ದರು. ಕುಳಿತುಕೊಳ್ಳಿ ಎಂದು ನಾನು ಹೇಳುವವರೆಗೆ ಒಂಟಿಕಾಲಿನ ಮೇಲೆ ಭಾರ ಹಾಕಿ ನಿಂತೇ ಇದ್ದರು. ಆ ಶಿಸ್ತು ನನಗೆ ಹಿಡಿಸಿತು.

"ಎಂತ ಕೆಲಸ ಮಾಡ್ತಾ ಇದ್ದದ್ದು?"

"ಶಂಕರಪುರದಲ್ಲಿ ಮಲ್ಲಿಗೆ ಕಟ್ಟುದು ಟೀಚರೇ. ಹೂವಿನವರ ಮನೆಯ ಬದಿಯಲ್ಲಿ ಒಂದು ಕೋಣೆ ಕೊಟ್ಟಿದ್ರು. ನಾನು ಆಸ್ಪತ್ರೆಯಲ್ಲಿ ಇರುವಾಗ ಮಳೆಗೆ ಅದರ ಮಾಡು, ಗೋಡೆ ಎಲ್ಲ ಬಿತ್ತಂತೆ."

ಕನ್ನಡಕ ಹಾಕಿ ಪೆನ್ನು ಹಿಡಿದ ಹೆಂಗಸು ಯಾರೇ ಆಗಲಿ, ನಮ್ಮಲ್ಲಿ ಟೀಚರೇ. ಸರಿ, ನಮೂನೆ ತೆಗೆದೆ.

"ಮನೆ ಉಂಟಾ?"

ಅವರು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿದರು. "ಉಂಟು. ಮನೆ ಇಲ್ಲದೆ ಎಂತ ಟೀಚರೇ? ಬಜಗೋಳಿಯಿಂದ ಸ್ವಲ್ಪ ಒಳಗೆ. ದೊಡ್ಡ ಮನೆ. ನಾಲ್ಕು ಸುತ್ತಿಗೂ ಜಗಲಿ ಉಂಟು."

"ಜನ ಇದ್ದಾರಾ?"

"ಎಲ್ಲ ಇದ್ದಾರೆ. ವರ್ಷಕ್ಕೊಮ್ಮೆ ಎಲ್ಲರೂ ಸೇರ್ತಾರೆ. ಊಟಕ್ಕೆ ಎಪ್ಪತ್ತು ಎಂಬತ್ತು ಎಲೆ ಬೀಳ್ತದೆ."

ಮನೆ: ಉಂಟು. ಊರು: ಬಜಗೋಳಿ. ಬರೆದು ಅಡಿಗೆರೆ ಹಾಕಿದೆ. ಅವರು, "ಆದರೆ ಒಂದು ಹದಿನೈದು ದಿನ..." ಎಂದು ಏನೋ ಶುರು ಮಾಡಿದರು. "ಅದೆಲ್ಲ ಮನೆಗೆ ಹೋಗಿ ಮಾತಾಡಿ," ಎಂದೆ. ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಬಾಯಿ ಒದ್ದೆಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು. "ಮೇಡಂ, ಕಾಲು ನೋಡಿ. ಈ ಮಳೆಗೆ ಕಳಿಸುದಾ?"

"ಮನೆ ಉಂಟಂತೆ ಬಾಯಿ."

"ನನಗೂ ಉಂಟು ಮನೆ. ಆದ್ರೂ ಇಲ್ಲಿ ನಿಮ್ಮ ಹತ್ತಿರ ಬೈಗುಳ ತಿಂತಾ ಇದ್ದೇನಲ್ಲಾ."

ನಾನು ನಗಲಿಲ್ಲ. ನಿಲ್ದಾಣಕ್ಕೆ ನಾನೇ ಜೊತೆಗೆ ಹೋದೆ. ಸೀಟು ಹಿಡಿದು ಕೂರಿಸಿ, ಕೇಂದ್ರದ ಚೀಟಿಯನ್ನು ಅವರ ತೊಟ್ಟೆಯಲ್ಲಿಟ್ಟು, ಕಾರ್ಕಳದಲ್ಲಿ ಬಜಗೋಳಿಯ ಬಸ್ಸಿಗೆ ಹತ್ತಿಸಿಬಿಡಿ ಎಂದು ಕಂಡಕ್ಟರಿಗೆ ಹೇಳಿದೆ. "ಆಯ್ತಕ್ಕ, ಸೊಸೆಯ ಕೈಗೇ ಒಪ್ಪಿಸ್ತೇನೆ, ಬೇಕಾದ್ರೆ ರಶೀದಿ ತರ್ತೇನೆ," ಎಂದು ಅವನು ತಮಾಷೆ ಮಾಡಿದ. ಬ್ಯಾಂಡೇಜು ಒದ್ದೆಯಾಗದಿರಲೆಂದು ನಾನು ಅವರ ಕಾಲಿಗೆ ಪ್ಲಾಸ್ಟಿಕ್ ಕಟ್ಟಿದೆ. ಅದೊಂದು ಕೆಲಸ ನೆನೆದು ಹಲವು ದಿನ ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ.

ಎಂಟನೇ ದಿನ ಕಾರ್ಕಳದ ಒಂದು ಆಸ್ಪತ್ರೆಯಿಂದ ಫೋನು ಬಂತು. ಮುಚ್ಚಿದ ಮನೆಯೊಂದರ ಜಗಲಿಯಲ್ಲಿ ಜ್ವರ ಏರಿ ಬಿದ್ದಿದ್ದ ಹೆಂಗಸನ್ನು ನೆರೆಯವರು ತಂದು ಸೇರಿಸಿದ್ದಾರೆ, ತೊಟ್ಟೆಯಲ್ಲಿ ನಿಮ್ಮ ಕೇಂದ್ರದ ಚೀಟಿ ಉಂಟು, ನೀವು ಯಾರು, ಎಂದು ಕೇಳಿದರು. ಚೀಟಿಯಲ್ಲಿ ನನ್ನ ಅಕ್ಷರ: ಮನೆ ಉಂಟು, ಕಳುಹಿಸಲಾಗಿದೆ. ಫೋನು ಇಟ್ಟು ರಿಜಿಸ್ಟರು ತೆರೆದೆ. ಆ ಎಂಟು ದಿನವೂ ಹನ್ನೆರಡರಲ್ಲಿ ಐದು ಮಂಚ ಖಾಲಿ ಇದ್ದವು.

ಮುಚ್ಚಿದ ಮನೆ ಎಂದು ಕೇಳಿದ ಕೂಡಲೇ ನನಗೆ ಎಲ್ಲ ತಿಳಿಯಿತು. ತಿಳಿಯದೆ ಇರಲು ನಾನೇನು ಪರವೂರಿನವಳಲ್ಲ. ನಮ್ಮ ಕಡೆ ತಾಯಿಯ ಬಳಿಯಿಂದ, ಅಂದರೆ ತಾಯಿಯ ವಂಶದ ಕಡೆಯಿಂದ, ಪ್ರತಿಯೊಬ್ಬರಿಗೂ ಒಂದು ಕುಟುಂಬದ ಮನೆ ಇರುತ್ತದೆ. ಹಲವು ಕಡೆ ಅದರಲ್ಲಿ ಯಾರೂ ವಾಸ ಮಾಡುವುದಿಲ್ಲ. ದೈವಗಳು ಇರುತ್ತವೆ. ಬೀಗದಕೈ ಒಬ್ಬರ ಹತ್ತಿರ, ಸಂಕ್ರಮಣಕ್ಕೆ ದೀಪ ಇಡುವುದು ಇನ್ನೊಬ್ಬರು. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ದೈವಗಳಿಗೆ ತಂಬಿಲದ ಪೂಜೆ ಕೊಟ್ಟು, ಉಂಡು, ಸಂಜೆಯೊಳಗೆ ಬೀಗ ಹಾಕಿ ಹೊರಡುತ್ತಾರೆ. ನನಗೂ ಅಂಥ ಮನೆ ಇದೆ, ಕಾಪುವಿನಿಂದ ಒಳಗೆ. ನಾನು ಅಲ್ಲಿ ಒಂದು ರಾತ್ರಿಯೂ ಮಲಗಿದವಳಲ್ಲ. ಆದರೆ ನಿಮಗೆ ಮನೆ ಉಂಟಾ ಎಂದು ಯಾರಾದರೂ ಕೇಳಿದರೆ ಬಾಯಿಗೆ ಮೊದಲು ಬರುವುದು ಅದೇ ಮನೆ. ಇಲ್ಲ ಎಂದರೆ, ನಮಗೆ ಕುಟುಂಬವಿಲ್ಲ, ಬಳಿ ಇಲ್ಲ, ದೈವ ಇಲ್ಲ ಎಂದ ಹಾಗೆ. ಯಾವ ಮರ್ಯಾದಸ್ಥ ಹೆಂಗಸೂ ಆ ಮಾತು ಹೇಳಲಾರಳು. ವರ್ಷಕ್ಕೊಮ್ಮೆ ಸೇರುತ್ತಾರೆ ಎಂದು ಅವರು ನನ್ನೆದುರೇ ಹೇಳಿದ್ದರು. ನಾನು ಅಡಿಗೆರೆ ಹಾಕುತ್ತಿದ್ದೆ.

ಮರುದಿನ ಕಾರ್ಕಳಕ್ಕೆ ಹೋದೆ. ಆಗಲೇ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಹಾಸಿಗೆಯ ಮೇಲೆ ಚಾದರ ಒಂದು ಬದಿಗೆ ಚಪ್ಪಟೆಯಾಗಿತ್ತು. ನಾನು ತುಳುವಿನಲ್ಲಿ ಮಾತು ಶುರು ಮಾಡಿದೆ. ಅವರಿಗೆ ಆಶ್ಚರ್ಯವಾಯಿತು.

"ಅಯ್ಯೋ, ಟೀಚರಿಗೆ ತುಳು ಬರ್ತದಾ? ಅಲ್ಲಿ ಕನ್ನಡ ಮಾತಾಡಿದ್ದಕ್ಕೆ ಘಟ್ಟದ ಮೇಲಿನವರು ಅಂದುಕೊಂಡೆ."

ಅವರು ಎಲ್ಲವನ್ನೂ ಕ್ರಮವಾಗಿ ಹೇಳಿದರು. ಬಜಗೋಳಿಯಲ್ಲಿ ಇಳಿದು ಒಳದಾರಿಯಲ್ಲಿ ಕೆಸರು ತುಳಿದು ನಡೆದದ್ದು. ನಾನು ಕಟ್ಟಿದ ಪ್ಲಾಸ್ಟಿಕ್ಕಿನೊಳಗೇ ನೀರು ತುಂಬಿಕೊಂಡದ್ದು. ಬೀಗದಕೈ ಕಾರ್ಕಳದಲ್ಲಿ ಅಂಗಡಿ ಇಟ್ಟಿರುವ ದೊಡ್ಡಮ್ಮನ ಮಗನ ಹತ್ತಿರ. ಅವನನ್ನು ಕೇಳಲು ನಾಚಿಕೆ. ನೆರೆಮನೆಯವರು ಗಂಜಿ ತಂದುಕೊಟ್ಟು ನಮ್ಮಲ್ಲಿಗೆ ಬನ್ನಿ ಎಂದಾಗಲೆಲ್ಲ, "ತಮ್ಮ ಇವತ್ತು ಬೀಗದಕೈ ತರ್ತಾನೆ," ಎಂದು ದಿನ ದೂಡಿದ್ದು.

"ನನಗೆ ಯಾಕೆ ಹೇಳಲಿಲ್ಲ?" ಎಂದೆ. ಕೇಳಿದ ಮೇಲೆ, ಕೇಳಬಾರದಿತ್ತು ಎನಿಸಿತು.

"ನೀವು ಕೇಳಿದ್ದು ಮನೆ ಉಂಟಾ ಅಂತ. ಇರುವ ಮನೆಯನ್ನು ಇಲ್ಲ ಅಂತ ಹೇಗೆ ಹೇಳುದು ಟೀಚರೇ? ದೈವ ಕೇಳುದಿಲ್ವಾ? ಮಲಗ್ಲಿಕ್ಕೆ ಜಾಗ ಉಂಟಾ ಅಂತ ಕೇಳಿದ್ರೆ ಇಲ್ಲ ಅಂತಿದ್ದೆ."

ಹದಿನೈದು ದಿನದ ಮಾತನ್ನೂ ಹೇಳಿದರು. ಶಂಕರಪುರದಲ್ಲೇ ಇನ್ನೊಂದು ಹೂವಿನವರ ಮನೆಯಲ್ಲಿ ಅವರಿಗೆ ಕೆಲಸವೂ ಒಂದು ಕೋಣೆಯೂ ಸಿಗುವುದಿತ್ತು. ಅಲ್ಲಿದ್ದ ಹೆಂಗಸು ಮಗಳ ಮನೆಗೆ ಹೋಗುವವರಿದ್ದರು. ಅಷ್ಟು ದಿನ ಕಾಲೂರದೆ, ನೀರು ತಾಗಿಸದೆ ಮಲಗಿರಲು ಒಂದು ಜಾಗ ಬೇಕಿತ್ತು. ಅಷ್ಟೇ ಬೇಕಿದ್ದದ್ದು.

ಅಂಗಡಿಯ ತಮ್ಮನನ್ನು ಅಂದೇ ಹೋಗಿ ಕಂಡೆ. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಅವರು ಕುರ್ಚಿ ಒರೆಸಿ ಕೊಟ್ಟು, ಸೋಡಾ ತರಿಸಿದರು. "ಮನೆ ಅಕ್ಕನದ್ದೂ ಹೌದು ಮೇಡಂ. ನಮಗಿಂತ ಒಂದು ಹಿಡಿ ಹೆಚ್ಚೇ. ಬೇಡ ಅಂದದ್ದು ಯಾರು? ತಂಬಿಲಕ್ಕೆ ಬಂದ್ರೆ ಮೊದಲ ಎಲೆ ಅವರಿಗೇ. ಆದ್ರೆ ಅಲ್ಲಿ ಸಂಸಾರ ಮಾಡ್ಲಿಕ್ಕೆ ಆಗುದಿಲ್ಲ, ಅಲ್ವಾ? ನಿಮಗೆ ಗೊತ್ತಿಲ್ಲದ್ದಾ?" ಅವರಿಗೆ ಎರಡು ಕೋಣೆಯ ಬಾಡಿಗೆ ಮನೆ, ಹಾಸಿಗೆ ಹಿಡಿದ ತಾಯಿ. ನಾನು ಸೋಡಾ ಕುಡಿದು ಎದ್ದೆ. ನಮ್ಮ ಕುಟುಂಬದ ಮನೆಯ ವಿಷಯ ಯಾರಾದರೂ ಕೇಳಿದ್ದರೆ ನಾನೂ ಇದೇ ಮಾತು ಹೇಳುತ್ತಿದ್ದೆ.

ಆಸ್ಪತ್ರೆಯವರು ಹತ್ತು ದಿನ ಅವಕಾಶ ಕೊಟ್ಟರು. ಅಷ್ಟರಲ್ಲಿ ಒಂದು ಜಾಗ ಹುಡುಕಬೇಕಿತ್ತು. ಮೊದಲು ನಮ್ಮ ಕೇಂದ್ರಕ್ಕೇ ಕರೆತರುವುದೆಂದುಕೊಂಡೆ. ಗೋಡೆಯ ಮೇಲೆ ಬರೆದು ಅಂಟಿಸಿತ್ತು: ತಾವಾಗಿ ಓಡಾಡಬಲ್ಲವರಿಗೆ ಮಾತ್ರ. ಅದನ್ನು ಬರೆದು ಅಂಟಿಸಿದವಳೂ ನಾನೇ. ಶೌಚಾಲಯಕ್ಕೆ ಐದು ಮೆಟ್ಟಿಲು ಇಳಿಯಬೇಕು, ಎತ್ತಿ ಇಳಿಸಲು ಜನವಿಲ್ಲ ಎಂದು ಕೇಂದ್ರದವರು ಹೇಳಿದ್ದು ನ್ಯಾಯವೇ ಆಗಿತ್ತು. ಬೇರೆ ಬೇರೆ ಕಡೆ ಫೋನು ಮಾಡಿದೆ. ಒಂದು ಕಡೆ ಫೋನು ಎತ್ತಿದ ಕೂಡಲೇ, ಆಧಾರ್ ಉಂಟಾ ಎಂದರು. ಅವರ ಆಧಾರ್ ಬಿದ್ದ ಕೋಣೆಯ ಮಣ್ಣಿನಡಿ ಹೋಗಿತ್ತು. ಇನ್ನೊಂದು ಕಡೆ, ಸಹಿ ಹಾಕಲು ಸಂಬಂಧಿಕರು ಯಾರು ಎಂದರು. ಮತ್ತೊಂದು ಕಡೆ, ಬುದ್ಧಿ ಸರಿ ಇಲ್ಲದವರಾದರೆ ಮಾತ್ರ ತೆಗೆದುಕೊಳ್ಳುತ್ತೇವೆ, ಇವರಿಗೆ ಸರಿ ಉಂಟಾ ಎಂದರು. ಉಂಟು ಎಂದು ಹೇಳುವಾಗ ನನಗೆ ಬೇಸರವೇ ಆಯಿತು. ಎಲ್ಲರ ಬಳಿಯೂ ಒಂದೊಂದು ಮೊದಲ ಪ್ರಶ್ನೆ ಇತ್ತು. ಕೇಳುವವರೆಲ್ಲ ಒಳ್ಳೆಯವರು, ಕೆಲಸದಲ್ಲಿ ಅಚ್ಚುಕಟ್ಟು. ಅವರ ದನಿಯಲ್ಲಿ ನನ್ನ ದನಿಯೇ ನನಗೆ ಕೇಳಿಸುತ್ತಿತ್ತು.

ಕೊನೆಗೆ ಕಾರ್ಕಳ ತಾಲೂಕಿನ ಒಳಗೆ ವೃದ್ಧೆಯರಿಗಾಗಿ ನಡೆಯುವ ಒಂದು ಸಣ್ಣ ಮನೆಯ ಸುದ್ದಿ ತಿಳಿಸಿದವರು ಬಾಯಿ. ಅದನ್ನು ನೋಡಿಕೊಳ್ಳುವ ಹೆಂಗಸು ನನ್ನ ವಿವರಣೆ ಪೂರ್ತಿ ಕೇಳಲೇ ಇಲ್ಲ. "ಮೊದಲು ಕರ್ಕೊಂಡು ಬನ್ನಿ ಮಾರಾಯ್ರೆ. ಗಂಜಿ ಕುಡಿದ ಮೇಲೆ ಹೆಸರು ಕೇಳುವ," ಎಂದರು.

ಅಂದು ಸಂಜೆ ಕೇಂದ್ರಕ್ಕೆ ಮರಳಿ ನಮೂನೆಯ ಮೊದಲ ಪ್ರಶ್ನೆಯನ್ನು ಹೊಡೆದುಹಾಕಿದೆ. 'ಇವತ್ತು ಎಲ್ಲಿ ಮಲಗುತ್ತೀರಿ?' ಎಂದು ಬರೆದೆ. ಬಾಯಿ ಓದಿ ನೋಡಿದರು. ತಮಾಷೆ ಮಾಡುತ್ತಾರೆ ಎಂದುಕೊಂಡಿದ್ದೆ. ಅದನ್ನು ಮೇಜಿನ ಮೇಲಿಟ್ಟು ಒಲೆಯ ಕಡೆ ಹೋದರು. ತಮಾಷೆ ಮಾಡಿದ್ದರೆ ಚೆನ್ನಾಗಿತ್ತು.

ತಿಂಗಳಿಗೊಮ್ಮೆ ಅವರನ್ನು ನೋಡಲು ಹೋಗುತ್ತೇನೆ. ಆರು ಮಂಚದ ದೊಡ್ಡ ಕೋಣೆ, ಕಿಟಕಿಯ ಪಕ್ಕದ್ದು ಅವರದು. ಊರುಗೋಲಿನಲ್ಲಿ ಬಾಗಿಲಿನವರೆಗೆ ನಡೆಯುತ್ತಾರೆ. ಮೊಗ್ಗು ಮುಟ್ಟದೆ ಬೆರಳು ಮರಗಟ್ಟಿದೆ ಎಂದರು. ಒಂದು ಸಲ ಶಂಕರಪುರದಿಂದ ಮಲ್ಲಿಗೆ ಮೊಗ್ಗು, ಬಾಳೆನಾರು ತೆಗೆದುಕೊಂಡು ಹೋದೆ. ಬಿಸಿಲಿಗೆ ಅರ್ಧ ಅರಳಿಬಿಟ್ಟಿದ್ದವು. ಅರಳಿದ ಹೂವು ಕಟ್ಟಿದರೆ ನಿಲ್ಲುವುದಿಲ್ಲ ಎಂದು ನನಗೇ ಪಾಠ ಹೇಳಿ, ಆದರೂ ಕಟ್ಟಿದರು. ಅವರಿಗೆ ಸಿಗಬೇಕಿದ್ದ ಹೂವಿನವರ ಮನೆಯ ಆ ಕೋಣೆಗೆ ಬೇರೆಯವರು ಬಂದಾಗಿತ್ತು. ಅಲ್ಲಿ ಕೂತು ಕಟ್ಟಲು ಕಾಲು ಬೇಡ, ಆದರೆ ಬಾವಿಗೆ, ಬಚ್ಚಲಿಗೆ ಬೇಕು. ಹಾಗಾಗಿ ಹೂವಿನವರು ಕರೆಯಲಿಲ್ಲ. ಕ್ಷಮಿಸಿ ಎಂಬ ಮಾತನ್ನು ಪ್ರತಿ ಸಲ ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡು ಹೋಗುತ್ತೇನೆ. ಅವರು, "ಟೀಚರೇ, ಊಟ ಆಯ್ತಾ?" ಎಂದ ಕೂಡಲೇ ಅದು ಒಳಗೇ ಉಳಿದುಬಿಡುತ್ತದೆ.

ಕಳೆದ ಸಲ ಹೊರಡುವ ಹೊತ್ತಿಗೆ ಅವರು ನನ್ನ ಕೈ ಹಿಡಿದುಕೊಂಡರು.

"ನಾನು ಇಲ್ಲಿ ಎಷ್ಟು ದಿನ ಟೀಚರೇ?"

ಯಾರು ಯಾವತ್ತು ಬಂದರು, ಯಾವತ್ತು ಹೋಗಬೇಕು ಎಂಬುದನ್ನು ಜೀವನವಿಡೀ ಬರೆದಿಟ್ಟವಳು ನಾನು. ಆದರೂ ಆಸ್ಪತ್ರೆಯಲ್ಲಿ ಎಲ್ಲರೂ ಹೇಳುವುದನ್ನೇ ಹೇಳಿಬಿಟ್ಟೆ: "ಕಾಲು ಒಮ್ಮೆ ಗುಣ ಆಗಲಿ, ಮತ್ತೆ ನೋಡುವ."

"ಯಾವ ಕಾಲು?" ಎಂದರು ಅವರು.

ಪಕ್ಕದ ಮಂಚದ ಅಜ್ಜಿಗೆ ನಗು ತಡೆಯಲಾಗಲಿಲ್ಲ. ಅವರೂ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಇಬ್ಬರ ನಗು ನಿಲ್ಲುವವರೆಗೂ ನಾನು ಅಲ್ಲೇ ನಿಂತಿದ್ದೆ. ಕೈ ಅವರ ಕೈಯಲ್ಲೇ ಇತ್ತು.